ಹ್ಯುಮಿಡಿಫೈಯರಿಗೆ ಯಾವ ನೀರು?

ಚಳಿ ಶುರುವಾಗಿ ತುಟಿ ಒಡೆಯುವ ಹೊತ್ತಿಗೆ ಓದುಗರ ಪತ್ರಗಳಲ್ಲಿ ಒಂದು ದೂರು ಖಾಯಂ. ಮಗುವಿನ ಮೂಗು ಕಟ್ಟುತ್ತದೆಂದೋ, ಎಸಿ ಕೋಣೆಯಲ್ಲಿ ಗಂಟಲು ಒಣಗುತ್ತದೆಂದೋ ಮನೆಗೆ ಹ್ಯುಮಿಡಿಫೈಯರ್ ತಂದಿರುತ್ತಾರೆ. ಮೊದಮೊದಲು ಸುಖನಿದ್ದೆ. ಆಮೇಲೆ ನೋಡಿದರೆ ಟಿವಿಯ ಪರದೆ, ಬೀರುವಿನ ಕನ್ನಡಿ, ಮಂಚದ ತಲೆದೆಸೆಯ ಹಲಗೆ ಎಲ್ಲದರ ಮೇಲೂ ತೆಳ್ಳಗೆ ಬಿಳಿ ಪುಡಿ. ಒರೆಸಿದರೆ ಹೋಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಾಜರು. ‘ದಿನಾ ತೊಳೀತೀವಿ ಸಾರ್, ಆದ್ರೂ ಈ ಪುಡಿ ಯಾಕೆ?’ ಎಂಬುದು ಎಲ್ಲರ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: ‘ಯಾವುದರಲ್ಲಿ ತೊಳೆದರೆ ನಿಲ್ಲುತ್ತೆ?’

ಯಾವುದರಲ್ಲಿ ತೊಳೆದರೂ ನಿಲ್ಲುವುದಿಲ್ಲ. ಆ ಪುಡಿ ಬರುವುದು ಯಂತ್ರದ ಕೊಳೆಯಿಂದಲ್ಲ, ನೀವು ಅದರೊಳಗೆ ಸುರಿಯುವ ನೀರಿನಿಂದ. ಹಾಗೆಂದು ತೊಳೆಯುವುದನ್ನು ಬಿಡುವಂತಿಲ್ಲ, ಅದು ಬೇರೆ ಕಾರಣಕ್ಕೆ ಬೇಕೇ ಬೇಕು. ನೀರಿನ ಆಯ್ಕೆ ಪುಡಿಗಾಗಿ, ತೊಳೆಯುವ ಕೆಲಸ ರೋಗಾಣುಗಳಿಗಾಗಿ. ಈ ಎರಡನ್ನು ಒಂದೇ ಎಂದುಕೊಂಡಿರುವುದರಿಂದಲೇ ಜನ ಯಂತ್ರವನ್ನು ತಿಕ್ಕಿ ತಿಕ್ಕಿ ಸೋಲುತ್ತಿದ್ದಾರೆ.

ನಮ್ಮಲ್ಲಿ ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುವ ಹ್ಯುಮಿಡಿಫೈಯರುಗಳಲ್ಲಿ ಹೆಚ್ಚಿನವು ಅಲ್ಟ್ರಾಸಾನಿಕ್ ಮಾದರಿಯವು. ತಳದಲ್ಲಿ ಹಳೆಯ ನಾಲ್ಕಾಣೆ ಗಾತ್ರದ ಒಂದು ಬಿಲ್ಲೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಅದುರುತ್ತದೆ, ಕಿವಿಗೆ ಕೇಳಿಸುವುದಿಲ್ಲ. ಆ ಅದುರಿಗೆ ಮೇಲಿನ ನೀರು ಒಡೆದು, ಕೆಲವೇ ಮೈಕ್ರೋಮೀಟರ್ ಅಗಲದ ಹನಿಗಳಾಗಿ ಚಿಮ್ಮುತ್ತದೆ. ನಾವು ಹಬೆ ಎಂದುಕೊಂಡು ನೋಡುವುದು ಇದನ್ನೇ. ಆದರೆ ಇದು ಹಬೆಯಲ್ಲ. ಸಾರು ಕುದಿಯುವಾಗ ಏಳುವ ಹಬೆಯಲ್ಲಿ ಉಪ್ಪು ಇರುವುದಿಲ್ಲ, ಒಲೆಯ ಮೇಲೆ ಸಿಡಿದ ಸಾರಿನ ಹನಿಯಲ್ಲಿ ಇರುತ್ತದೆ. ಹ್ಯುಮಿಡಿಫೈಯರ್ ಚಿಮ್ಮಿಸುವುದೂ ಅಂಥ ಹನಿಯನ್ನೇ, ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲವನ್ನೂ ಹೊತ್ತ ಹನಿಯನ್ನು. ಕೋಣೆಯ ಗಾಳಿಯಲ್ಲಿ ಕ್ಷಣದಲ್ಲೇ ನೀರು ಆರಿಹೋಗುತ್ತದೆ, ಖನಿಜ ಕಣವಾಗಿ ಉಳಿಯುತ್ತದೆ. ಒಂದಷ್ಟು ಟಿವಿಯ ಮೇಲೆ ಕೂರುತ್ತದೆ, ಉಳಿದದ್ದು ತೇಲುತ್ತದೆ.

ಎಷ್ಟು ಖನಿಜ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಗಂಟೆಗೆ 300 ಮಿಲಿಲೀಟರ್ ನೀರನ್ನು ಮಂಜು ಮಾಡುವ ಯಂತ್ರ ರಾತ್ರಿಯ 8 ಗಂಟೆಯಲ್ಲಿ 2.4 ಲೀಟರ್ ಖಾಲಿ ಮಾಡುತ್ತದೆ. ನೀರಿನಲ್ಲಿ ಕರಗಿದ ಘನವಸ್ತುವಿನ ಒಟ್ಟು ಪ್ರಮಾಣಕ್ಕೆ ಟಿಡಿಎಸ್ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದರ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಲ್ಲಿ 2,000ದವರೆಗೂ ವಿನಾಯಿತಿ. ನಿಮ್ಮ ನೀರು 500ರದ್ದೇ ಎಂದುಕೊಳ್ಳಿ. ಒಂದು ರಾತ್ರಿಗೆ 1,200 ಮಿಲಿಗ್ರಾಂ, ಅಂದರೆ ಒಂದು ಗ್ರಾಂಗೂ ಮೀರಿದ ಖನಿಜವನ್ನು ನೀವೇ ಗಾಳಿಗೆ ತೂರಿದಂತಾಯಿತು. ಈಗ ಇನ್ನೊಂದು ಬದಿ ನೋಡಿ. ಹನ್ನೆರಡಕ್ಕೆ ಹತ್ತಡಿಯ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ಹೊರಗಾಳಿಯ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಇಡೀ ಕೋಣೆಯಲ್ಲಿ ಇರಬಹುದಾದದ್ದು ಬರೀ 2 ಮಿಲಿಗ್ರಾಂ. ಯಂತ್ರ ಊದುವ 1,200 ಮಿಲಿಗ್ರಾಂ ಒಮ್ಮೆಗೇ ಗಾಳಿಯಲ್ಲಿ ನಿಲ್ಲುವುದಿಲ್ಲ ನಿಜ. ಬಹಳಷ್ಟು ನೆಲಕ್ಕಿಳಿಯುತ್ತದೆ, ಒಂದಿಷ್ಟು ಕಿಟಕಿಯ ಸಂದಿಯಿಂದ ಆಚೆ ಹೋಗುತ್ತದೆ. ವಾಹನದ ಹೊಗೆಯ ಕಣಕ್ಕೂ ಸುಣ್ಣದ ಕಣಕ್ಕೂ ವ್ಯತ್ಯಾಸವಿದೆ ಎಂಬುದೂ ನಿಜ. ಆದರೂ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ.

ನಗರದ ಹೊರವಲಯದಲ್ಲಿರುವ ನನ್ನ ತಂಗಿಯ ಮನೆಗೆ ಟ್ಯಾಂಕರ್ ನೀರೇ ಗತಿ. ಅವಳ ಮಲಗುವ ಕೋಣೆಯಲ್ಲಿ ಒಂದು ಮೂಲೆಗೆ ಹ್ಯುಮಿಡಿಫೈಯರ್, ಇನ್ನೊಂದು ಮೂಲೆಗೆ ಏರ್ ಪ್ಯೂರಿಫೈಯರ್. ಮೊದಲನೆಯದನ್ನು ಹಾಕಿದರೆ ಸಾಕು, ಎರಡನೆಯದರ ಹಸಿರು ದೀಪ ಕೆಂಪಾಗಿ, ಅದು ಭೋರೆಂದು ತಿರುಗತೊಡಗುತ್ತಿತ್ತು. ಒಂದು ಉಗುಳಿದ್ದನ್ನು ಇನ್ನೊಂದು ಹೆಕ್ಕುವ ಕೆಲಸ, ಎರಡಕ್ಕೂ ಕರೆಂಟ್ ಬಿಲ್ಲು ಅವಳದು! ಟ್ಯಾಂಕರ್ ನೀರಿನ ಬದಲು ಅಡುಗೆಮನೆಯ ಆರ್‌ಒ ನೀರು ಹಾಕಿದ ರಾತ್ರಿ ಕೆಂಪು ದೀಪ ಬರಲಿಲ್ಲ. ಪ್ಯೂರಿಫೈಯರ್ ಇರುವ ಮನೆಯವರು ಈ ಪರೀಕ್ಷೆ ಮಾಡಿನೋಡಬಹುದು. ಎರಡನ್ನೂ ಅಕ್ಕಪಕ್ಕ ಇಡಬೇಡಿ ಅಷ್ಟೇ, ಬರೀ ಹಸಿ ಹನಿಗಳನ್ನೂ ಅದು ಧೂಳೆಂದೇ ಎಣಿಸಿಬಿಡುತ್ತದೆ.

ಇಲ್ಲೊಂದು ಮಾತನ್ನು ಕಲಬುರಗಿ, ರಾಯಚೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಿಡೀ ಓಡಿದ ಏರ್ ಕೂಲರಿನ ಹುಲ್ಲು ಮಳೆಗಾಲದ ಹೊತ್ತಿಗೆ ಬಿಳಿಚಿ, ಗಡುಸಾಗಿ, ಮುಟ್ಟಿದರೆ ಪುಡಿಪುಡಿಯಾಗುತ್ತದೆ. ಸವಳು ನೀರಿನ ಲವಣವೆಲ್ಲ ಆ ಹುಲ್ಲಿನಲ್ಲೇ ಕೂತಿರುತ್ತದೆ. ಅಲ್ಲಿ ನೀರು ಹನಿಯಾಗಿ ಸಿಡಿಯುವುದಿಲ್ಲ, ಒದ್ದೆ ಹುಲ್ಲಿನಿಂದ ಆವಿಯಾಗಿ ಮಾತ್ರ ಗಾಳಿಗೆ ಸೇರುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದವರ ಮನೆಯಲ್ಲೂ ನಡೆಯುತ್ತಿದ್ದದ್ದು ಇದೇ. ಇದೇ ತತ್ವದ ಹ್ಯುಮಿಡಿಫೈಯರುಗಳೂ ಇವೆ: ಒಳಗೊಂದು ಬತ್ತಿ ಅಥವಾ ಜಾಲರಿ, ಹಿಂದೊಂದು ಫ್ಯಾನ್. ಕಣ್ಣಿಗೆ ಮಂಜು ಕಾಣುವುದಿಲ್ಲವಾದ್ದರಿಂದ ಕೊಂಡವರಿಗೆ ‘ಇದು ಕೆಲಸ ಮಾಡ್ತಿದೆಯಾ’ ಎಂಬ ಅನುಮಾನ. ಆದರೆ ಬಿಳಿ ಪುಡಿಯ ಕಾಟ ಇದರಲ್ಲಿಲ್ಲ, ಆಗಾಗ ಬತ್ತಿ ಬದಲಿಸುವ ಖರ್ಚು ಮಾತ್ರ. ನೀರನ್ನು ನಿಜಕ್ಕೂ ಕುದಿಸುವ ಯಂತ್ರಗಳಲ್ಲೂ ಖನಿಜ ತಳದಲ್ಲೇ ಗಟ್ಟಿಯಾಗುತ್ತದೆ, ಗಾಳಿಗೆ ಬರುವುದಿಲ್ಲ. ಆದರೆ ಓಡಾಡುವ ಮಕ್ಕಳಿರುವ ಮನೆಯಲ್ಲಿ ಕುದಿನೀರಿನ ಪಾತ್ರೆಯನ್ನು ನೆಲದ ಮೇಲಿಡಲು ನಾನಂತೂ ಹೇಳುವುದಿಲ್ಲ.

ಈ ಪುಡಿ ಆರೋಗ್ಯಕ್ಕೆ ಕೆಡುಕೇ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 1991ರಲ್ಲೇ ಮನೆಬಳಕೆಯ ಹ್ಯುಮಿಡಿಫೈಯರುಗಳ ಬಗ್ಗೆ ಒಂದು ಪುಟ್ಟ ಮಾಹಿತಿ ಪತ್ರ ಹೊರತಂದಿತು. ನಲ್ಲಿ ನೀರು ಬಳಸಿದರೆ ಗಂಭೀರ ಅಪಾಯ ಖಚಿತ ಎಂಬ ತೀರ್ಮಾನಕ್ಕೆ ಅದು ಬರಲಿಲ್ಲ. ಆದರೆ ಗಾಳಿಗೆ ಖನಿಜ ಮತ್ತು ಸೂಕ್ಷ್ಮಜೀವಿಗಳನ್ನು ಅತಿ ಹೆಚ್ಚು ಹರಡುವುದು ಅಲ್ಟ್ರಾಸಾನಿಕ್ ಮತ್ತು (ತಿರುಗುವ ತಟ್ಟೆಯಿಂದ ನೀರನ್ನು ಸಿಡಿಸುವ) ಇಂಪೆಲರ್ ಮಾದರಿಗಳೆಂದು ಹೇಳಿ, ಕಡಿಮೆ ಖನಿಜದ ನೀರನ್ನೇ ಬಳಸಿರೆಂದು ಸಲಹೆ ಕೊಟ್ಟಿತು. 2011ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ನಿಯತಕಾಲಿಕೆಯಲ್ಲಿ ಇಂಥ ಬಿಳಿ ಪುಡಿಯನ್ನು ಉಸಿರಾಡಿದ ಹಸುಗೂಸೊಂದರ ಶ್ವಾಸಕೋಶಕ್ಕೆ ಹಾನಿಯಾದ ಪ್ರಕರಣ ವರದಿಯಾಯಿತು. ಒಂದು ಮಗುವಿನ ಕತೆಯಿಂದ ಎಲ್ಲರೂ ಗಾಬರಿಯಾಗಬೇಕಿಲ್ಲ. ಗಟ್ಟಿಮುಟ್ಟಾದ ದೊಡ್ಡವರಿಗೆ ಇದು ಬಹುಪಾಲು ಒರೆಸುವ ಕಿರಿಕಿರಿ ಅಷ್ಟೇ. ಆದರೆ ಹ್ಯುಮಿಡಿಫೈಯರ್ ಇಡುವುದೇ ಎಳೆಮಗುವಿನ ತೊಟ್ಟಿಲ ಪಕ್ಕ ಅಥವಾ ಉಬ್ಬಸದವರ ಮಂಚದ ಪಕ್ಕ. ಎಚ್ಚರ ಬೇಕಾದದ್ದು ಅಲ್ಲೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಕುಡಿಯಲು ಹೆದರುತ್ತೇವೆ. ಬಾಯಿಗೆ ಬೇಡವಾದ ನೀರನ್ನು ಮೂಗಿಗೆ ಯಾಕೆ ಕೊಡಬೇಕು?

ಹಾಗಾದರೆ ಯಾವ ನೀರು? ನಮ್ಮ ಮನೆಗಳ ಮಟ್ಟಿಗೆ ಸುಲಭದ ಉತ್ತರ ಆರ್‌ಒ ನೀರು. ಒಳ್ಳೆಯ ಸ್ಥಿತಿಯಲ್ಲಿರುವ ಆರ್‌ಒ ಯಂತ್ರ ಕರಗಿದ ಲವಣದ ಹತ್ತರಲ್ಲಿ ಒಂಬತ್ತು ಪಾಲನ್ನು ತಡೆಯುತ್ತದೆ, ಪುಡಿಯೂ ಅಷ್ಟೇ ಇಳಿಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಕ್ಯಾನ್ ನೀರು ಸಾಮಾನ್ಯವಾಗಿ ಇದೇ ಬಗೆಯದು, ಅದೂ ಆಗಬಹುದು. ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಎಲ್ಲಕ್ಕಿಂತ ಮೇಲು. ಆದರೆ ಇನ್ವರ್ಟರಿಗೆಂದು ಮಾರುವ ‘ಬ್ಯಾಟರಿ ನೀರು’ ಬೇಡ. ಅದರಲ್ಲಿ ಖನಿಜ ಕಡಿಮೆ ಇರಬಹುದು, ಆದರೆ ಉಸಿರಾಡಲೆಂದು ಯಾರೂ ಅದನ್ನು ತಯಾರಿಸಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟು ಬಳಸುತ್ತೇವೆ ಎಂದು ಕೆಲವರು ಬರೆಯುತ್ತಾರೆ. ಅದರಲ್ಲೂ ಖನಿಜವಿಲ್ಲ, ಆದರೆ ಎಸಿಯ ಕಾಯಿಲಿನ ಮೇಲಿನ ಧೂಳು, ಬೂಷ್ಟನ್ನೆಲ್ಲ ತೊಳೆದುಕೊಂಡು ಬಂದ ನೀರದು. ಗಿಡಕ್ಕೆ ಹಾಕಿ.

ಜನ ಮೋಸಹೋಗುವುದು ಮೂರು ಕಡೆ. ಒಂದು, ಕುದಿಸಿ ಆರಿಸಿದ ನೀರು. ಕುದಿಸಿದಾಗ ಸುಣ್ಣದ ಒಂದು ಪಾಲು ಪಾತ್ರೆಯ ತಳಕ್ಕೆ ಕೂರುತ್ತದೆ, ಉಳಿದ ಲವಣ ನೀರಿನಲ್ಲೇ ಇರುತ್ತದೆ, ನೀರು ಬತ್ತಿದಷ್ಟೂ ಗಾಢವಾಗುತ್ತದೆ. ಎರಡು, ಯುವಿ ಫಿಲ್ಟರ್. ಅದು ಕ್ರಿಮಿಗಳನ್ನು ಕೊಲ್ಲುತ್ತದೆ, ಲವಣದ ತಂಟೆಗೆ ಹೋಗುವುದಿಲ್ಲ. ಮೂರು, ಅಪಾರ್ಟ್‌ಮೆಂಟಿನ ಸಾಫ್ಟನರ್. ‘ನಮ್ಮದು ಸಾಫ್ಟ್ ವಾಟರ್’ ಎಂದು ನಂಬಿದವರಿಗೆ ಬೇಸರವಾಗುವ ಸಂಗತಿ: ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ, ಆದರೆ ಕರಗಿದ ಲವಣದ ಒಟ್ಟು ತೂಕ ಹೆಚ್ಚುಕಡಿಮೆ ಅಷ್ಟೇ. ಪುಡಿಯೂ ಅಷ್ಟೇ. ಅನುಮಾನವಿದ್ದರೆ ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರನ್ನು ಅದ್ದಿ ನೋಡಿ. 50ರ ಆಸುಪಾಸು ಇದ್ದರೆ ನೆಮ್ಮದಿ. ಕಾವೇರಿ ನೀರು ಸಾಮಾನ್ಯವಾಗಿ ಬೋರ್‌ವೆಲ್ ನೀರಿಗಿಂತ ಮೆತ್ತಗಿದ್ದರೂ ಪುಡಿ ಪೂರ್ತಿ ನಿಲ್ಲುವಷ್ಟು ಸಪ್ಪೆಯಲ್ಲ. ಕೆಲವು ಯಂತ್ರಗಳ ಜೊತೆ ಖನಿಜ ಹೀರುವ ಕಾರ್ಟ್‌ರಿಜ್ ಕೊಡುತ್ತಾರೆ. ಉಪ್ಪುನೀರಿಗೆ ಅದು ಬೇಗ ಸೋಲುತ್ತದೆ. ಪುಡಿ ಮತ್ತೆ ಕಂಡಿತೆಂದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ.

ಒಳ್ಳೆಯ ನೀರು ಹಾಕಿದೆವು, ಇನ್ನು ತೊಳೆಯುವುದು ಕಡಿಮೆ ಮಾಡಬಹುದೇ? ಇಲ್ಲ, ಹೆಚ್ಚು ಮಾಡಬೇಕು. ನಲ್ಲಿ ನೀರಿನಲ್ಲಿ ಒಂದಿಷ್ಟಾದರೂ ಕ್ಲೋರಿನ್ ಇರುತ್ತದೆ, ಅದು ಕ್ರಿಮಿಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆರ್‌ಒ ನೀರಿನಲ್ಲಿ ಆ ಕಾವಲೂ ಇಲ್ಲ. ನಿಂತ ನೀರಿನ ತೊಟ್ಟಿಯ ಒಳಗೋಡೆ ಎರಡು ಮೂರು ದಿನದಲ್ಲೇ ಲೋಳೆಯಾಗುತ್ತದೆ, ಕೆಲವೊಮ್ಮೆ ಗುಲಾಬಿ ಬಣ್ಣಕ್ಕೂ ತಿರುಗುತ್ತದೆ. ಖನಿಜವನ್ನು ಎತ್ತಿ ಗಾಳಿಗೆ ಎಸೆಯುವ ಬಿಲ್ಲೆ ಆ ಲೋಳೆಯ ಬ್ಯಾಕ್ಟೀರಿಯಾವನ್ನೂ ಎಸೆಯುತ್ತದೆ, ಅದಕ್ಕೆ ಭೇದವಿಲ್ಲ.

ಆದ್ದರಿಂದ ದಿನಾ ಬೆಳಿಗ್ಗೆ ಪ್ಲಗ್ ಕಿತ್ತು, ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮುಚ್ಚಳ ತೆಗೆದು ಒಣಗಲು ಬಿಡಿ. ಐದು ನಿಮಿಷದ ಕೆಲಸ. ನಿನ್ನೆಯ ನೀರಿನ ಮೇಲೆ ಇವತ್ತಿನ ನೀರು ಸುರಿಯಬೇಡಿ. ಮೂರು ದಿನಕ್ಕೊಮ್ಮೆ ಹುಳಿಯ ಉಪಚಾರ. ಗೋಬಿ ಮಂಚೂರಿಗೆಂದು ತಂದಿಟ್ಟ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಿಲ್ಲೆ ಇರುವ ತಳದ ಗುಂಡಿಗೆ ಸುರಿದು ಅರ್ಧ ಗಂಟೆ ಬಿಡಿ. ವಿನೆಗರ್ ವಾಸನೆ ಆಗದವರು ದಿನಸಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ಡನ್ನು, ಅರ್ಧ ಲೀಟರ್ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚದಂತೆ ಕರಗಿಸಿ ಹಾಕಬಹುದು. ಕಟ್ಟಿದ ಸುಣ್ಣ ಹುಳಿಗೆ ಸಣ್ಣಗೆ ಗುಳ್ಳೆಯೆಬ್ಬಿಸುತ್ತ ಕರಗುತ್ತದೆ. ಉಳಿದದ್ದನ್ನು ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಬಿಲ್ಲೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿದರೆ ಸಾಕು. ಚಾಕು, ಸ್ಟೀಲ್ ಜುಂಗು, ಸಬೀನಾ ಹತ್ತಿರ ತರಬೇಡಿ. ಬಿಲ್ಲೆಯ ಮೇಲ್ಪದರಕ್ಕೆ ಗೀರು ಬಿದ್ದರೆ ಯಂತ್ರದ ಕತೆ ಮುಗಿದಂತೆ. ನೀರಿನ ಮಟ್ಟ ತಿಳಿಸಲು ಪಕ್ಕದಲ್ಲೊಂದು ಪುಟ್ಟ ತೇಲುಬಿಲ್ಲೆ ಇರುತ್ತದೆ. ಅದರ ಬುಡಕ್ಕೆ ಸುಣ್ಣ ಕಟ್ಟಿದರೆ ತೊಟ್ಟಿ ತುಂಬಿದ್ದರೂ ‘ನೀರಿಲ್ಲ’ ಎಂದು ಯಂತ್ರ ಹಟ ಹಿಡಿಯುತ್ತದೆ. ರಿಪೇರಿ ಅಂಗಡಿಗೆ ಒಯ್ಯುವ ಮೊದಲು ಅದನ್ನೊಮ್ಮೆ ತೊಳೆದು ನೋಡಿ. ಕೆಳಭಾಗವನ್ನು ಇಡಿಯಾಗಿ ನಲ್ಲಿಯ ಕೆಳಗೆ ಹಿಡಿಯುವುದು ಬೇಡ, ಫ್ಯಾನಿನ ತೂತಿನಿಂದ ಒಳಗಿನ ಸರ್ಕ್ಯೂಟಿಗೆ ನೀರು ಇಳಿಯುತ್ತದೆ.

ಹುಳಿ ಸುಣ್ಣವನ್ನು ತೆಗೆಯುತ್ತದೆ, ಕ್ರಿಮಿಗಳಿಗೆ ಅದೊಂದೇ ಸಾಲದು. ವಾರಕ್ಕೊಮ್ಮೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಔಷಧದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 6ರದು, ಸಮಪಾಲು ನೀರು ಬೆರೆಸಿದರೆ ಬೇಕಾದ ಶೇ 3ಕ್ಕೆ ಇಳಿಯುತ್ತದೆ. ಅದರಲ್ಲಿ ತೊಟ್ಟಿಯನ್ನು ನೆನೆಸಿ, ಆಮೇಲೆ ಎರಡು ಮೂರು ಸಲ ಧಾರಾಳವಾಗಿ ನೀರಿನಲ್ಲಿ ಜಾಲಿಸಿ. ಬ್ಲೀಚಿಂಗ್ ದ್ರಾವಣವನ್ನೂ ವಿನೆಗರನ್ನೂ ಎಂದೂ ಒಟ್ಟು ಸೇರಿಸಬೇಡಿ, ಕ್ಲೋರಿನ್ ಅನಿಲ ಹುಟ್ಟುತ್ತದೆ.

ತೊಳೆಯುವ ಬೇಜಾರಿಗೆ ಕೆಲವರು ಒಂದು ಅಡ್ಡದಾರಿ ಕೇಳುತ್ತಾರೆ: ತುಂಬುವ ನೀರಿಗೇ ಎರಡು ಹನಿ ಡೆಟಾಲ್ ಹಾಕಿದರೆ ಆಗದೇ? ಈ ಅಡ್ಡದಾರಿಯಲ್ಲಿ ಒಂದು ದೇಶವೇ ನಡೆದು ಕಂಡಿದೆ. ದಕ್ಷಿಣ ಕೊರಿಯಾದಲ್ಲಿ 1994ರಿಂದ ಹ್ಯುಮಿಡಿಫೈಯರಿನ ನೀರಿಗೆ ಬೆರೆಸುವ ಸೋಂಕುನಾಶಕಗಳು ಅಂಗಡಿಯಲ್ಲಿ ಸಿಗತೊಡಗಿದವು. ತೊಟ್ಟಿ ಲೋಳೆಯಾಗುವುದಿಲ್ಲ, ತೊಳೆಯುವ ಶ್ರಮವಿಲ್ಲ ಎಂದು ಲಕ್ಷಾಂತರ ಮನೆಗಳವರು ಕೊಂಡರು. 2011ರಲ್ಲಿ ಸೋಲ್ ನಗರದ ಆಸ್ಪತ್ರೆಯೊಂದಕ್ಕೆ ಗರ್ಭಿಣಿಯರು, ಬಾಣಂತಿಯರು ಕಾರಣ ತಿಳಿಯದ ಶ್ವಾಸಕೋಶದ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ದಾಖಲಾದರು. ತನಿಖೆ ಹೋಗಿ ನಿಂತದ್ದು ಈ ದ್ರಾವಣಗಳ ಮುಂದೆ. ಚರ್ಮಕ್ಕೆ, ಹೊಟ್ಟೆಗೆ ಅಷ್ಟೇನೂ ಕೆಡುಕಲ್ಲವೆಂದು ಎಣಿಸಿದ್ದ ಪಿಎಚ್‌ಎಂಜಿ ಎಂಬ ರಾಸಾಯನಿಕ, ಸೂಕ್ಷ್ಮ ಹನಿಯಾಗಿ ಶ್ವಾಸಕೋಶದ ಆಳಕ್ಕಿಳಿದಾಗ ಅದನ್ನು ಗಾಯಗೊಳಿಸಿ ಗಡುಸಾಗಿಸುತ್ತಿತ್ತು. ಮಾರಾಟ ನಿಲ್ಲಿಸುವ ಹೊತ್ತಿಗೆ ನೂರಾರು ಜೀವ ಹೋಗಿದ್ದವು, ಅವರಲ್ಲಿ ಹಸುಗೂಸುಗಳು ಬಹಳ. ಶ್ವಾಸಕೋಶಕ್ಕೆ ಹೊಟ್ಟೆಯಂತೆ ಅರಗಿಸಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ತೊಟ್ಟಿಗೆ ನೀರಿನ ಹೊರತು ಏನೂ ಬೇಡ. ಡೆಟಾಲ್ ಬೇಡ, ಕರ್ಪೂರ ಬೇಡ, ನೀಲಗಿರಿ ಎಣ್ಣೆಯೂ ಬೇಡ. ಕೊನೆಯ ಎರಡು ಎಳೆಮಕ್ಕಳಿಗೆ ಅಪಾಯ, ಎಣ್ಣೆ ಪ್ಲಾಸ್ಟಿಕ್ಕನ್ನೂ ಸೀಳುತ್ತದೆ.

ಇಷ್ಟೆಲ್ಲ ರಗಳೆಯ ಯಂತ್ರ ನಮಗೆ ನಿಜಕ್ಕೂ ಬೇಕೇ ಎಂಬುದು ನಾನು ತಿರುಗಿ ಕೇಳುವ ಪ್ರಶ್ನೆ. ಅಮೆರಿಕದ ಚಳಿನಾಡುಗಳಲ್ಲಿರುವ ನಮ್ಮವರಿಗೆ ಬೇಕು. ಹೊರಗೆ ಸೊನ್ನೆ ಡಿಗ್ರಿಯಲ್ಲಿ ತೇವ ತುಂಬಿಕೊಂಡ ಗಾಳಿಯಲ್ಲೂ ಘನ ಮೀಟರಿಗೆ 5 ಗ್ರಾಂನಷ್ಟು ನೀರಾವಿಯೂ ಇರುವುದಿಲ್ಲ. ಅದನ್ನು ಮನೆಯೊಳಗೆ 22 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ 25ಕ್ಕೆ ಕುಸಿಯುತ್ತದೆ. ಅಲ್ಲಿಯವರು ಅಂಗಡಿಯಿಂದ ಗ್ಯಾಲನ್‌ಗಟ್ಟಲೆ ಡಿಸ್ಟಿಲ್ಡ್ ವಾಟರ್ ಹೊತ್ತು ತರುವುದಕ್ಕೆ ಅರ್ಥವಿದೆ. ಮಂಗಳೂರು, ಕಾರವಾರದವರಿಗೆ ವರ್ಷವಿಡೀ ಗೋಡೆಯ ಬೂಷ್ಟು ಒರೆಸುವುದೇ ಕೆಲಸವಾಗಿರುವಾಗ ಈ ಯಂತ್ರದ ಗೊಡವೆ ಬೇಡ. ನಡುವೆ ಇರುವುದು ಬೆಂಗಳೂರು, ಬಯಲುಸೀಮೆ. ಫೆಬ್ರವರಿ, ಮಾರ್ಚಿನ ಮಧ್ಯಾಹ್ನ ಇಲ್ಲಿ ಆರ್ದ್ರತೆ ಶೇ 30ರ ಸುತ್ತಮುತ್ತ ಇಳಿಯುವುದುಂಟು, ಮಳೆಗಾಲದಲ್ಲಿ ಆ ಮಾತೇ ಇಲ್ಲ. ಹಾಗಾಗಿ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದದ್ದು ಆರ್ದ್ರತೆ ಅಳೆಯುವ ಪುಟ್ಟ ಮೀಟರು. ಅಂಕಿ ಶೇ 30ರಿಂದ 50ರೊಳಗಿದ್ದರೆ ನಿಮ್ಮ ಗಂಟಲು ಒಣಗಲು ಕಾರಣ ಬೇರೆ ಇದೆ. 60 ದಾಟಿತೆಂದರೆ ಯಂತ್ರವನ್ನು ಆರಿಸಿಬಿಡಿ, ಆಗ ಹಾಸಿಗೆಯ ಧೂಳುಹುಳು, ಬೂಷ್ಟು ಎರಡಕ್ಕೂ ಹಬ್ಬ. ಅಪರೂಪಕ್ಕೆ ಒಣಗುವ ಮನೆಗಾದರೆ ಹಿಂಡಿದ ಒದ್ದೆ ಟವೆಲ್ಲನ್ನು ರಾತ್ರಿ ಕೋಣೆಯ ಹಗ್ಗದ ಮೇಲೆ ಹರವಿದರೂ ಸಾಕು. ಲವಣವೆಲ್ಲ ಟವೆಲ್ಲಿನಲ್ಲೇ ಉಳಿಯುತ್ತದೆ, ತೊಳೆಯಲು ತೊಟ್ಟಿಯೂ ಇರುವುದಿಲ್ಲ. ದಿನಕ್ಕೆ ಐದು ನಿಮಿಷ ಯಂತ್ರಕ್ಕೆ ಕೊಡಲಾಗದವರಿಗೆ ನನ್ನ ಸಲಹೆ ಅದೇ.

ಕೊನೆಗೊಂದು ತಕರಾರು ಮಾರುವವರ ಮೇಲೆ. ಏಳು ಬಣ್ಣದ ದೀಪ, ಸದ್ದಿಲ್ಲದ ಮಂಜು, ಸುವಾಸನೆಯ ಟ್ರೇ ಎಂದೆಲ್ಲ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕುತ್ತಾರೆ. ಯಾವ ನೀರು ಹಾಕಬೇಕೆಂಬುದು ಮಾತ್ರ ಒಳಗಿನ ಕೈಪಿಡಿಯಲ್ಲೆಲ್ಲೋ, ಭೂತಗನ್ನಡಿ ಬೇಕಾಗುವ ಇಂಗ್ಲಿಷ್ ಅಕ್ಷರದಲ್ಲಿ. ಬೋರ್‌ವೆಲ್ ನೀರಿನ ಮೇಲೆ ನಿಂತಿರುವ ನಾಡಿನಲ್ಲಿ ಮಾರುವ ಯಂತ್ರಕ್ಕೆ ‘ಉಪ್ಪುನೀರು ಹಾಕಬೇಡಿ, ದಿನಾ ಖಾಲಿ ಮಾಡಿ’ ಎಂಬ ಎರಡು ಮಾತನ್ನು ತೊಟ್ಟಿಯ ಮುಚ್ಚಳದ ಮೇಲೇ ಕನ್ನಡದಲ್ಲಿ ಬರೆದು ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ಅಲ್ಲಿಯವರೆಗೆ ಕೊಳ್ಳುವ ಮುನ್ನ ಅಂಗಡಿಯವರನ್ನೇ ಕೇಳಿ: ಇದಕ್ಕೆ ಯಾವ ನೀರು? ‘ಯಾವುದಾದ್ರೂ ಹಾಕಿ ಮೇಡಂ’ ಎಂದರೆ ಮುಂದಿನ ಅಂಗಡಿ ನೋಡಿ.